ಅರವತ್ತು ವರ್ಷದ ಒಂದೇ ವೇಷ

‘ಕೊರೊನೇಶನ್ ಸ್ಟ್ರೀಟ್’ ಧಾರಾವಾಹಿಯ ಮೊದಲ ಕಂತು ಬ್ರಿಟನ್ನಿನ ಐಟಿವಿಯಲ್ಲಿ ನೇರಪ್ರಸಾರವಾದದ್ದು 1960ರ ಡಿಸೆಂಬರ್ 9ರಂದು. ಮ್ಯಾಂಚೆಸ್ಟರಿನ ಗ್ರನಾಡಾ ಕಂಪನಿ ಆಗ ಒಪ್ಪಿಗೆ ಕೊಟ್ಟಿದ್ದು ಹದಿಮೂರೇ ಕಂತಿಗೆ. ಕೆನ್ ಬಾರ್ಲೋ ಎಂಬ ವಿದ್ಯಾರ್ಥಿಯಾಗಿ ಅವತ್ತು ತೆರೆಗೆ ಬಂದ ವಿಲಿಯಂ ರೋಚ್, ತೊಂಬತ್ತು ದಾಟಿದ ಮೇಲೂ ಅದೇ ಬೀದಿಯಲ್ಲಿ ಅದೇ ಹೆಸರಿನಲ್ಲಿ ಓಡಾಡಿಕೊಂಡಿದ್ದರು. ಒಂದೇ ಪಾತ್ರದಲ್ಲಿ ಇಷ್ಟು ಕಾಲ ಉಳಿದದ್ದಕ್ಕೆ 2010ರಲ್ಲಿ ಗಿನ್ನೆಸ್ ಪುಸ್ತಕ ಅವರ ಹೆಸರನ್ನು ದಾಖಲಿಸಿತು. ಅಲ್ಲಿಂದೀಚೆಗೆ ರೋಚ್ ಬಗ್ಗೆ ಬರೆಯುವವರಲ್ಲಿ ಬಹುಪಾಲು ಮಂದಿ ವರ್ಷ ಎಣಿಸಿ ಕೈ ತೊಳೆದುಕೊಳ್ಳುತ್ತಾರೆ. ಅವರು ಎಂಥ ನಟ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಆ ಮೊದಲ ಕಂತನ್ನೇ ನೋಡಿ. ಅಪ್ಪ ಫ್ರಾಂಕ್ ಅಂಚೆ ನೌಕರ, ಅಮ್ಮ ಐಡಾ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವಳು, ತಮ್ಮ ಸೈಕಲ್ ಚಕ್ರವನ್ನು ನಡುಮನೆಗೇ ತಂದು ಪಂಕ್ಚರ್ ಹಾಕುವವನು. ವಿಶ್ವವಿದ್ಯಾಲಯ ಸೇರಿದ ಕೆನ್ ಊಟಕ್ಕೆ ಕೂತಿದ್ದಾನೆ, ಮೇಜಿನ ಮೇಲೆ ಸಾಸ್ ಬಾಟಲಿ. ಮಗನ ಮೂಗು ಕೊಂಚ ಸೊಟ್ಟಗಾದದ್ದನ್ನು ಅಪ್ಪ ಕಂಡುಬಿಡುತ್ತಾನೆ. ಇಡೀ ಮನೆಯ ಜಗಳ ಆ ಒಂದು ಮುಖಭಾವದಿಂದ ಹುಟ್ಟುತ್ತದೆ. ಹೆತ್ತವರ ಬಗ್ಗೆ ನಾಚಿಕೆ, ನಾಚಿಕೊಂಡೆನಲ್ಲ ಎಂಬ ಇನ್ನೊಂದು ನಾಚಿಕೆ, ಎರಡನ್ನೂ ರೋಚ್ ಮಾತಿಲ್ಲದೆ ದಾಟಿಸುತ್ತಾರೆ. ಮೈಸೂರಿನದೋ ಧಾರವಾಡದ್ದೋ ಹಾಸ್ಟೆಲಿನಿಂದ ಹಳ್ಳಿಗೆ ಮರಳಿದ ಮಗನ ಈ ಸಂಕಟ ನಮ್ಮ ನವ್ಯ ಕತೆಗಳನ್ನು ಓದಿದವರಿಗೆ ಹೊಸತಲ್ಲ. ಇಂಗ್ಲೆಂಡಿನಲ್ಲಿ ಜಾನ್ ಆಸ್ಬಾರ್ನ್ 1956ರಲ್ಲಿ ರಂಗಕ್ಕೆ ತಂದ ಸಿಟ್ಟಿನ ಯುವಕನ ತಮ್ಮನಂತೆ ಕೆನ್ ಆಗ ಕಂಡಿರಬೇಕು.

ಸಿಟ್ಟು ಬಹಳ ದಿನ ಉಳಿಯಲಿಲ್ಲ. ಅರವತ್ತರ ದಶಕದಲ್ಲಿ ಯುದ್ಧವಿರೋಧಿ ಪ್ರತಿಭಟನೆಗೆ ಹೋಗಿ ಜೈಲು ಕಂಡ ಕೆನ್, ಮುಂದೆ ಮೇಷ್ಟ್ರಾದ, ಸ್ಥಳೀಯ ಪತ್ರಿಕೆಯ ಸಂಪಾದಕನಾದ, ಸೂಪರ್‌ಮಾರ್ಕೆಟ್ಟಿನಲ್ಲಿ ಟ್ರಾಲಿ ತಳ್ಳುವವನೂ ಆದ. ಮೊದಲ ಹೆಂಡತಿ ವ್ಯಾಲರಿ 1971ರಲ್ಲಿ ಕೆಟ್ಟ ಹೇರ್ ಡ್ರೈಯರಿನಿಂದ ಶಾಕ್ ಹೊಡೆದು ಸತ್ತಳು, ಎರಡನೆಯವಳು ಆತ್ಮಹತ್ಯೆ ಮಾಡಿಕೊಂಡಳು. ಧಾರಾವಾಹಿಯ ಬರಹಗಾರರಿಗೆ ಹೆಣ್ಣುಗಳನ್ನು ಕೊಲ್ಲುವುದು ಸುಲಭ, ಉಳಿದ ಗಂಡಸಿಗೆ ಯೋಚನೆ ಕೊಡುವುದು ಕಷ್ಟ. ಹೀಗೆ ಕೆನ್ ಕಾರ್ಡಿಗನ್ ತೊಟ್ಟು ಉಪದೇಶ ಮಾಡುವ ಸಪ್ಪೆ ಗಂಡಸಾದ. ವಿಚಿತ್ರವೆಂದರೆ, ಈ ಎಡಪಂಥೀಯ ಮೇಷ್ಟ್ರನ್ನು ಆಡುತ್ತಿದ್ದ ರೋಚ್ ಸ್ವತಃ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು, ಕನ್ಸರ್ವೇಟಿವ್ ಪಕ್ಷದ ಬೆಂಬಲಿಗರು. ತಮಗೊಗ್ಗದ ವಿಚಾರಗಳನ್ನು ದಶಕಗಟ್ಟಲೆ ನಂಬಿಕೆ ಬರುವಂತೆ ಆಡಿದ್ದಕ್ಕೆ ಅವರಿಗೆ ಸಿಗಬೇಕಾದಷ್ಟು ಶ್ರೇಯ ಸಿಕ್ಕಿಲ್ಲ.

ಸಿಕ್ಕಿದ್ದು ಬೇರೆಯೇ. ‘ದಿ ಸನ್’ ಪತ್ರಿಕೆ, ರೋಚ್ ತಮ್ಮ ಪಾತ್ರದಷ್ಟೇ ಬೋರು ಎಂಬ ಅರ್ಥದಲ್ಲಿ ಬರೆಯಿತು, ಸಹನಟರಿಗೆ ಅವರನ್ನು ಕಂಡರಾಗದು ಎಂದೂ ಸೇರಿಸಿತು. ರೋಚ್ ಮಾನನಷ್ಟದ ದಾವೆ ಹೂಡಿದರು. 1991ರಲ್ಲಿ ಜ್ಯೂರಿ ಅವರ ಪರವಾಗಿ 50,000 ಪೌಂಡ್ ಪರಿಹಾರ ಕೊಟ್ಟಿತು. ಪತ್ರಿಕೆ ರಾಜಿಗಾಗಿ ಮೊದಲೇ ಮುಂದಿಟ್ಟಿದ್ದ ಮೊತ್ತವೂ ಅಷ್ಟೇ ಆಗಿತ್ತು. ಅದಕ್ಕಿಂತ ಹೆಚ್ಚು ಸಿಗದಿದ್ದರೆ ಮುಂದಿನ ವ್ಯಾಜ್ಯದ ಖರ್ಚು ದಾವೆ ಹೂಡಿದವನ ತಲೆಗೇ ಬರುವುದು ಅಲ್ಲಿನ ರೂಢಿ. ಗೆದ್ದೂ ಸೋತ ರೋಚ್ ಆಮೇಲೆ ತಮ್ಮ ವಕೀಲರ ಮೇಲೇ ಕೇಸು ಹಾಕಿ ಅದನ್ನೂ ಸೋತರು. 1999ರಲ್ಲಿ ದಿವಾಳಿಯಾದರು. ಪಾತ್ರ ಸಪ್ಪೆ ಎಂದರೆ ಅವರು ಕೋರ್ಟಿಗೆ ಹೋಗುವಂತಿರಲಿಲ್ಲ, ಅದು ಅವರ ಕೆಲಸವೇ ಆಗಿತ್ತು. ವ್ಯಕ್ತಿ ಬೇರೆ, ವೇಷ ಬೇರೆ ಎಂದು ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕಾಗಿ ಬಂದದ್ದು ಒಂದು ಲೆಕ್ಕದಲ್ಲಿ ಆ ನಟನೆಗೆ ಸಂದ ಪ್ರಶಸ್ತಿಯೇ. ದುಬಾರಿ ಪ್ರಶಸ್ತಿ, ಅಷ್ಟೆ.

ಪಾತ್ರದ ಸಪ್ಪೆತನಕ್ಕೆ ಬೆಲೆಯಿದ್ದದ್ದು 1983ರಲ್ಲಿ ಗೊತ್ತಾಗುತ್ತದೆ. ಕೆನ್ ಮತ್ತು ಡೀಯರ್ಡ್ರಿಯ ಮದುವೆಯಾದದ್ದು 1981ರ ಜುಲೈನಲ್ಲಿ, ಚಾರ್ಲ್ಸ್–ಡಯಾನಾ ಮದುವೆಗೆ ಎರಡು ದಿನ ಮೊದಲು. ಎರಡು ವರ್ಷ ಕಳೆಯುವುದರೊಳಗೆ ಅವಳಿಗೆ ಬಟ್ಟೆ ಕಾರ್ಖಾನೆಯ ಮಾಲೀಕ ಮೈಕ್ ಬಾಲ್ಡ್‌ವಿನ್ನನ ಸಂಗ. ಮೈಕ್ ಮನೆ ಬಾಗಿಲಿಗೆ ಬರುತ್ತಾನೆ. ಕೆನ್ ಅವನ ಮುಖದ ಮೇಲೆ ಕದ ಬಡಿದು, ಹೆಂಡತಿಯನ್ನು ಅದೇ ಕದಕ್ಕೆ ಒತ್ತಿ ಹಿಡಿಯುತ್ತಾನೆ. ಇಪ್ಪತ್ತೆರಡು ವರ್ಷ ದನಿ ಏರಿಸಿದರೂ ಹದ ಮೀರದವನು ಹೀಗೆ ಮಾಡಿದಾಗ ನೋಡುಗರಿಗೆ ಭಯವಾಯಿತು. ಬೇರಾವ ನಟನಿಗೂ ಒಂದೇ ದೃಶ್ಯದಲ್ಲಿ ಅದು ಸಾಧ್ಯವಿರಲಿಲ್ಲ, ಆ ಇಪ್ಪತ್ತೆರಡು ವರ್ಷ ಬಂಡವಾಳವಾಗಿ ಇರಲೇಬೇಕಿತ್ತು. ಡೀಯರ್ಡ್ರಿ ಗಂಡನ ಬಳಿಯೇ ಉಳಿದಳೆಂಬ ಸುದ್ದಿ ಓಲ್ಡ್ ಟ್ರಾಫರ್ಡ್ ಫುಟ್ಬಾಲ್ ಮೈದಾನದ ಸ್ಕೋರ್ ಬೋರ್ಡಿನಲ್ಲಿ ಮೂಡಿತು.

ಯಕ್ಷಗಾನದಲ್ಲೂ ಒಬ್ಬರೇ ವೇಷಧಾರಿ ಒಂದೇ ವೇಷದಲ್ಲಿ ನಲವತ್ತು ವರ್ಷ ಮೆರೆಯುತ್ತಾರೆ. ಆದರೆ ಕೌರವ ಪ್ರತಿ ರಾತ್ರಿ ಅದೇ ಕೊಳದಲ್ಲಿ ಅಡಗಬೇಕು, ಕಲಾವಿದ ಪ್ರಸಂಗವನ್ನು ತಿದ್ದಿ ತಿದ್ದಿ ಹದಕ್ಕೆ ತರಬಹುದು. ಕೆನ್‌ಗೆ ಎರಡನೆಯ ಸಲವಿಲ್ಲ. ಇವತ್ತಿನ ದೃಶ್ಯ ಮುಗಿದರೆ ಮುಗಿಯಿತು, ನಾಳೆ ಹೊಸ ಪುಟ. ನಮ್ಮ ಧಾರಾವಾಹಿಗಳಲ್ಲಿ ನಾಯಕಿ ಬಿಟ್ಟುಹೋದರೆ ಮರುದಿನ ಇನ್ನೊಬ್ಬರು ಅದೇ ಸೀರೆಯುಟ್ಟು ಬರುತ್ತಾರೆ, ನಾವೂ ಒಂದು ವಾರ ಗೊಣಗಿ ಒಪ್ಪಿಕೊಳ್ಳುತ್ತೇವೆ. ಕೆನ್ ವಿಷಯದಲ್ಲಿ ಹಾಗೆ ಮಾಡಲಿಲ್ಲ. 2013ರಲ್ಲಿ ರೋಚ್ ಮೇಲೆ ಗಂಭೀರ ಆರೋಪಗಳು ಬಂದು ಅವರು ತೆರೆಯಿಂದ ಸರಿದಾಗ ಕೆನ್‌ನನ್ನು ಕೆನಡಾಕ್ಕೆ ಕಳಿಸಿ ಪಾತ್ರವನ್ನು ಕಾದಿಟ್ಟರು. 2014ರ ಫೆಬ್ರವರಿಯಲ್ಲಿ ಪ್ರೆಸ್ಟನ್ನಿನ ಜ್ಯೂರಿ ಎಲ್ಲ ಆರೋಪಗಳಿಂದಲೂ ಅವರನ್ನು ಖುಲಾಸೆ ಮಾಡಿತು. ಅದೇ ವರ್ಷ ಅವರು ಮರಳಿದರು.

ಮರಳಿದ ಕೆಲವೇ ತಿಂಗಳಿಗೆ, 2015ರ ಜನವರಿಯಲ್ಲಿ, ಡೀಯರ್ಡ್ರಿಯಾಗಿದ್ದ ಆ್ಯನ್ ಕರ್ಕ್‌ಬ್ರೈಡ್ ತೀರಿಕೊಂಡರು. ಜುಲೈನಲ್ಲಿ ಪಾತ್ರವನ್ನೂ ಮುಗಿಸಲಾಯಿತು. ಹೆಂಡತಿಯ ಅರವತ್ತನೇ ಹುಟ್ಟುಹಬ್ಬಕ್ಕೆ ಮನೆ ಸಿಂಗರಿಸಿ ಕೆನ್ ಕಾಯುತ್ತಿದ್ದಾನೆ, ಅವಳ ಬದಲು ಅವಳ ಗೆಳತಿ ಬಂದು ಸಾವಿನ ಸುದ್ದಿ ಹೇಳುತ್ತಾಳೆ. ಇಲ್ಲಿ ಅತ್ತು ಕರೆದು ಚಪ್ಪಾಳೆ ಗಿಟ್ಟಿಸಬಹುದಿತ್ತು. ರೋಚ್ ಹಾಗೆ ಮಾಡದೆ, ಕೇಳಿದ ಮಾತು ಅರ್ಥವಾಗದ ಮುದುಕನಾಗಿ ನಿಲ್ಲುತ್ತಾರೆ. ಅಲ್ಲಿ ಎಷ್ಟು ಅಭಿನಯ, ಎಷ್ಟು ಸಹನಟಿಯ ನೆನಪು ಎಂದು ಬಿಡಿಸಿ ಹೇಳುವುದು ವಿಮರ್ಶಕನಿಂದಾಗದು.

ರಂಗಭೂಮಿಯ ಅಳತೆಯಲ್ಲಿ ರೋಚ್ ದೊಡ್ಡ ನಟರಲ್ಲ. ದನಿಯ ಏರಿಳಿತ ಕಡಿಮೆ, ಹಾಸ್ಯ ಅಷ್ಟಕ್ಕಷ್ಟೆ, ಎಷ್ಟೋ ಕಂತುಗಳಲ್ಲಿ ಅವರು ಕುರ್ಚಿಯಲ್ಲಿ ಕೂತು ಪತ್ರಿಕೆ ಓದಿದ್ದೇ ನಟನೆ. ಬರಹಗಾರರು ಕೊಟ್ಟ ಸಪ್ಪೆತನವನ್ನು ಕೊಂಚ ಬೇಗನೇ ಒಪ್ಪಿಕೊಂಡರೆಂಬುದೂ ನಿಜ. ಆದರೆ ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವ ನಟರು ಕಿರುತೆರೆಯಲ್ಲಿ ಕಡಿಮೆ, ಅವರು ಆ ಕಡಿಮೆಯವರಲ್ಲಿ ಒಬ್ಬರು. ಧಾರಾವಾಹಿ ನಟನೆಯನ್ನು ಲಘುವಾಗಿ ಕಾಣುವವರು 1960ರ ಊಟದ ಮೇಜು, 1983ರ ಬಾಗಿಲು, 2015ರ ಹುಟ್ಟುಹಬ್ಬ ಈ ಮೂರನ್ನು ಒಂದೇ ಸಂಜೆ ನೋಡಲಿ. ನಡುವಿನ ಸಾವಿರಾರು ಕಂತುಗಳಲ್ಲಿ ಬಹಳಷ್ಟನ್ನು ಬಿಟ್ಟರೂ ನಷ್ಟವಿಲ್ಲ.