ಪಿಯಾನೊ ಹುಟ್ಟಿದ ಊರು

ಮಗಳಿಗೆ ಪಿಯಾನೊ ಕೊಡಿಸಲು ಹೊರಟ ಗೆಳೆಯರೊಬ್ಬರ ಜೊತೆ ಮೊನ್ನೆ ಬೆಂಗಳೂರಿನ ಮಳಿಗೆಯೊಂದಕ್ಕೆ ಹೋಗಿದ್ದೆ. ಕಪ್ಪಗೆ ಮಿರುಗುವ ಅಪ್‌ರೈಟ್ ಪಿಯಾನೊ, ಮುಂದೆ ಬಂಗಾರದ ಅಕ್ಷರದಲ್ಲಿ ಜರ್ಮನ್ ಹೆಸರು. ಎಲ್ಲಿ ತಯಾರಾದದ್ದು ಎಂದು ಕೇಳಿದೆ. ‘ಜರ್ಮನ್ ಬ್ರ್ಯಾಂಡ್, ಸರ್’ ಎಂದರು ಮಳಿಗೆಯವರು. ಬೆನ್ನಿಗೆ ಅಂಟಿಸಿದ್ದ ಚಿಕ್ಕ ಚೀಟಿಯಲ್ಲಿ ಚೀನಾದ ಹೆಸರಿತ್ತು. ಗೆಳೆಯರ ಮುಖ ಬಾಡಿತು. ಚೀನಾದ ಮಾಲು ಎಂದು ಅವರಿಗೆ ಬೇಸರ. ಅದನ್ನು ಮುಚ್ಚಿಟ್ಟರಲ್ಲ ಎಂದು ನನಗೆ.

ಚೀನಾದ ಪಿಯಾನೊ ಕಳಪೆ ಎಂಬ ಮಾತಿಗೆ ಹಿಂದೆ ಕಾರಣವಿತ್ತು. ಪಿಯಾನೊದೊಳಗೆ ಸುಮಾರು 230 ತಂತಿಗಳು ಹೆಚ್ಚುಕಡಿಮೆ 20 ಟನ್ ಬಲದಿಂದ ಜಗ್ಗುತ್ತಿರುತ್ತವೆ. ಆ ಭಾರವನ್ನು ಎರಕದ ಕಬ್ಬಿಣದ ಚೌಕಟ್ಟು ಹೊರುತ್ತದೆ. ಆದರೆ ಶ್ರುತಿ ನಿಲ್ಲುವುದು ಬಿರಡೆಗಳನ್ನು ಕಚ್ಚಿ ಹಿಡಿದ ಮರದಿಂದ, ನಾದ ತುಂಬುವುದು ಸ್ಪ್ರೂಸ್ ಹಲಗೆಯಿಂದ. ಮರ ಹದವಾಗಿ ಒಣಗದಿದ್ದರೆ ಒಣಹವೆಗೆ ಹಲಗೆ ಸೀಳುತ್ತದೆ, ಬಿರಡೆ ಸಡಿಲವಾಗುತ್ತದೆ. ಅಮೆರಿಕಕ್ಕೆ ಹೋದ ಮೊದಮೊದಲ ಚೀನೀ ಪಿಯಾನೊಗಳ ಮೇಲಿದ್ದ ದೂರು ಇದೇ.

ಈಗ ಕಾಲ ಬದಲಾಗಿದೆ. ಗುವಾಂಗ್‌ಝೌನಲ್ಲಿ 1956ರಲ್ಲಿ ಶುರುವಾದ ಪರ್ಲ್ ರಿವರ್ ಕಂಪನಿ ಹೆಸರಾಂತ ಪಿಯಾನೊ ಕಂಪನಿ ಸ್ಟೈನ್‌ವೇಯವರ ಎಸೆಕ್ಸ್ ಪಿಯಾನೊಗಳನ್ನು ತಯಾರಿಸಿಕೊಟ್ಟಿದೆ; 2016ರಲ್ಲಿ ಜರ್ಮನಿಯ ಪಿಯಾನೊ ಕಂಪನಿ ಶಿಮ್ಮೆಲ್‌ನ ಬಹುಪಾಲು ಷೇರು ಕೊಂಡಿದೆ. ಯಮಾಹಾದ ಕಾರ್ಖಾನೆಯೂ ಹಾಂಗ್‌ಝೌನಲ್ಲಿದೆ. ಹಾಗಾಗಿ ದೇಶದ ಹೆಸರು ನೋಡಿ ತೀರ್ಪು ಕೊಡಬೇಡಿ, ಕಿವಿಗೆ ಕೆಲಸ ಕೊಡಿ. ತಾಮ್ರ ಸುತ್ತಿದ ಮಂದ್ರ ತಂತಿಗಳು ಮುಗಿದು ಬರಿ ಉಕ್ಕಿನ ತಂತಿಗಳು ಶುರುವಾಗುವ ಜಾಗ ಹುಡುಕಿ. ಅಲ್ಲಿನ ಏಳೆಂಟು ಕೀಗಳನ್ನು ಒಂದರ ಹಿಂದೊಂದು ಒಂದೇ ತೂಕದಲ್ಲಿ ನುಡಿಸಿ. ಅಗ್ಗದ ಪಿಯಾನೊದಲ್ಲಿ ದನಿ ಅಲ್ಲಿ ತಟ್ಟನೆ ಬೇರೆಯವರದಾಗುತ್ತದೆ. ಒಳ್ಳೆಯದರಲ್ಲಿ ದಾಟಿದ್ದೇ ತಿಳಿಯುವುದಿಲ್ಲ. ಆಮೇಲೆ ಒಂದು ಕೀಯನ್ನು ಆದಷ್ಟೂ ಮೆಲ್ಲಗೆ ಒತ್ತಿ. ಪಿಸುಮಾತಿನಂತಹ ಸ್ವರವೂ ಪ್ರತಿಸಲ ಹುಟ್ಟಿದರೆ ಒಳಗಿನ ಸುತ್ತಿಗೆಗಳನ್ನು ಯಾರೋ ಮನಸ್ಸಿಟ್ಟು ಹೊಂದಿಸಿದ್ದಾರೆ.

ಆ ‘ಯಾರೋ’ ಯಾರು ಎಂಬಲ್ಲಿ ನೀತಿಯ ಪ್ರಶ್ನೆ ಶುರುವಾಗುತ್ತದೆ. ಚೀನಾದಲ್ಲಿ ಕಾರ್ಮಿಕರು ಸರ್ಕಾರದ ಒಕ್ಕೂಟದ ಹೊರಗೆ ಸ್ವತಂತ್ರ ಸಂಘ ಕಟ್ಟುವಂತಿಲ್ಲ. ಕೊಳ್ಳುವವರು ಇದನ್ನು ಮರೆಯಬಾರದು. ಎಲ್ಲಕ್ಕಿಂತ ಅಗ್ಗದ ಪಿಯಾನೊಗೆ ಕೈಹಾಕುವ ಮುನ್ನ ಆ ಬೆಲೆಯಲ್ಲಿ ಯಾರ ಕೂಲಿ ಕಡಿತವಾಗಿರಬಹುದು ಎಂದು ಯೋಚಿಸಬೇಕು. ಹಾಗೆಂದು ಚೀನಾದ್ದೆಲ್ಲ ಬೇಡ ಎಂದರೆ ಮೊದಲ ಪೆಟ್ಟು ಬೀಳುವುದು ಅದೇ ಕುಶಲಕರ್ಮಿಗಳಿಗೆ. ಆ ನಾಡಿನಲ್ಲಿ ಪಿಯಾನೊ ಉಳಿದು ಬಂದದ್ದೇ ದೊಡ್ಡದು. 1958ರಲ್ಲಿ ಮಾಸ್ಕೋದ ಚೈಕೋವ್‌ಸ್ಕಿ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಹಂಚಿಕೊಂಡ ಚೀನೀ ಪಿಯಾನೊ ವಾದಕ ಲಿಯು ಶಿಕುನ್, ಸಾಂಸ್ಕೃತಿಕ ಕ್ರಾಂತಿಯಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದರು. ಇಂದು ಅಲ್ಲಿ ಪಿಯಾನೊ ಕಟ್ಟುವ ಕೈಗಳು ತಮ್ಮ ಊರಿನ ಹೆಸರಿನಲ್ಲೇ ಗೌರವ ಪಡೆಯಬೇಕು. ಎರವಲು ಜರ್ಮನ್ ಹೆಸರು ಕೊಳ್ಳುವವರಿಗೆ ಮೋಸ, ಕಟ್ಟಿದವರಿಗೆ ಅವಮಾನ.

ಗೆಳೆಯರು ಕೊನೆಗೆ ಬೇರೊಂದು ಮಳಿಗೆಯಲ್ಲಿ ಚೀನಾದ ಪಿಯಾನೊವನ್ನೇ ಕೊಂಡರು. ಅದರ ಮೇಲೆ ಅದರದ್ದೇ ಹೆಸರಿತ್ತು. ಮಗಳು ಮಂದ್ರದಿಂದ ಒಂದೊಂದೇ ಕೀ ನುಡಿಸುತ್ತ ಮೇಲೇರಿದಳು. ತಾಮ್ರ ಎಲ್ಲಿ ಮುಗಿಯಿತೆಂದು ನನಗೆ ತಿಳಿಯಲಿಲ್ಲ.