ಬೆಲ್ಟು ಹೆಬ್ಬಾವಲ್ಲ

ಈ ಸಂಚಿಕೆಗೆಂದು ಬಂದ ಕವಿತೆಗಳಲ್ಲಿ ಆರು ಕಾರ್ಖಾನೆಯ ಮೇಲಿನವು. ಬರೆದವರೆಲ್ಲ ನಮ್ಮವರೇ. ಇಬ್ಬರು ಮಾಸ್ತರರು, ಮೂವರು ಕಾಲೇಜು ಹುಡುಗರು, ಒಬ್ಬರು ಬ್ಯಾಂಕಿನಲ್ಲಿರುವವರು. ನಾಲ್ಕು ಕವಿತೆಗಳಲ್ಲಿ ಯಂತ್ರ ರಾಕ್ಷಸನಾಗಿದೆ. ಉಳಿದೆರಡರಲ್ಲಿ ಕನ್ವೇಯರ್ ಬೆಲ್ಟು ಬರುತ್ತದೆ. ಎರಡರಲ್ಲೂ ಅದು ಹೆಬ್ಬಾವು. ಕಾರ್ಮಿಕನ ಬೆವರು, ನೆತ್ತರು, ಮೂಳೆ ಎಲ್ಲವನ್ನೂ ಅದು ನುಂಗುತ್ತದೆ. ಕೊನೆಯ ಸಾಲಿನಲ್ಲಿ ತಪ್ಪದೆ ಕೆಂಪು ಸೂರ್ಯ ಹುಟ್ಟುತ್ತಾನೆ.

ಓದಿ ನಮಗೆ ಅನುಮಾನ ಬಂತು. ಈ ಆರು ಜನರಲ್ಲಿ ಎಷ್ಟು ಮಂದಿ ಬೆಲ್ಟಿನ ಪಕ್ಕ ನಿಂತು ನೋಡಿದ್ದಾರೆ? ನಾವಾದರೂ ಎಷ್ಟು ನೋಡಿದ್ದೇವೆ? ಭಟ್ಕಳದ ಹೊರಗೆ, ಹೆದ್ದಾರಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಜಲ್ಲಿ ಕ್ರಶರಿನಲ್ಲಿ ಬೆಲ್ಟು ನೋಡಿಕೊಳ್ಳುವ ಒಬ್ಬರು ನಮಗೆ ಪರಿಚಯ. ವಿಜಾಪುರದ ಕಡೆಯವರು, ಹನ್ನೆರಡು ವರ್ಷದಿಂದ ಇದೇ ಕೆಲಸ. ಆ ಎರಡು ಕವಿತೆಗಳನ್ನು ತೆಗೆದುಕೊಂಡು ಹೋಗಿ ಊಟದ ಹೊತ್ತಿನಲ್ಲಿ ಅವರಿಗೆ ಓದಿ ಹೇಳಿದೆವು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

‘ಬೆಲ್ಟ್ ಹಾವಲ್ರೀ ಸರ. ಹಾವಿಗಿ ನಮ್ಮ ಹೆದರಿಕಿ ಇರ್ತದ, ನೋಡಿದ್ರ ಸರಕೊಂಡ್ ಹೋಗ್ತದ. ಇದಕ್ಕ ನಾವ್ ಅದೀವಿ ಅನ್ನೂದ ಗೊತ್ತಿಲ್ಲ.’

ಕಳೆದ ಹತ್ತು ವರ್ಷಗಳಲ್ಲಿ ಕಾರ್ಮಿಕ ಸಾಹಿತ್ಯದ ಬಗ್ಗೆ ನಾವು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಈ ಮಾತು ಮೇಲು ಎಂದು ನಮಗೆ ಅನ್ನಿಸಿತು. ಹೆಬ್ಬಾವು ಅಂದಕೂಡಲೇ ಕವಿ ಯಂತ್ರಕ್ಕೊಂದು ಹಸಿವು ಕೊಟ್ಟ, ಒಂದು ಇಚ್ಛೆ ಕೊಟ್ಟ. ಹಸಿವು ಯಂತ್ರದ್ದಾದರೆ ಅದರ ಧಣಿ ಬಚಾವಾದ. ಸ್ವಿಚ್ಚಿನ ಮೇಲಿರುವ ಕೈ ಕವಿತೆಯಿಂದ ಮಾಯವಾಯಿತು. ರಾಕ್ಷಸನನ್ನು ಬೈಯುವುದು ಸುಲಭ ಗೆಳೆಯರೆ, ರಾಕ್ಷಸ ಕೆಲಸದಿಂದ ತೆಗೆದುಹಾಕುವುದಿಲ್ಲ.

ಹಾಗಾದರೆ ಆ ಕೆಲಸ ಎಂಥದು? ನೋಡಿದಷ್ಟು ಹೇಳುತ್ತೇವೆ. ಕಲ್ಲುಕ್ವಾರಿಯ ಬಂಡೆ ಹಾಪರಿಗೆ ಬೀಳುತ್ತದೆ, ಅಲ್ಲಿಂದ ಒಡೆಯುವ ದವಡೆಗೆ, ದವಡೆಯಿಂದ ಬೆಲ್ಟಿಗೆ. ಬೆಲ್ಟು ಏರಿ ಜರಡಿಗೆ ಸುರಿಯುತ್ತದೆ. ಜರಡಿಯಿಂದ ಮತ್ತೆ ಬೇರೆ ಬೇರೆ ಬೆಲ್ಟುಗಳು: 40 ಮಿಲಿಮೀಟರಿನದು ಒಂದು ಕಡೆ, 20ರದು ಒಂದು ಕಡೆ, 12ರದು ಇನ್ನೊಂದು ಕಡೆ, ಪುಡಿ ಬೇರೆ. ಗೋವಾ ಗಡಿಯಿಂದ ಕುಂದಾಪುರದವರೆಗೆ ಹೆದ್ದಾರಿಯನ್ನು ನಾಲ್ಕು ಪಥ ಮಾಡಿದ್ದು ಇಂಥ ಜಲ್ಲಿಯಿಂದಲೇ. ಅದಕ್ಕೂ ಮೊದಲು, 1998ರಲ್ಲಿ ಪೂರ್ತಿ ತೆರೆದ ಕೊಂಕಣ ರೈಲಿನ ಹಳಿಗಳ ಕೆಳಗೆ ಹಾಸಿದ್ದೂ ಒಡೆದ ಕಲ್ಲೇ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ ಎಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಜಲ್ಲಿ ಎಲ್ಲಿಂದ ಬಂತು ಎಂದು ಯಾವ ಮಗುವೂ ಕೇಳಿಲ್ಲ, ನಾವೂ ಹೇಳಿಲ್ಲ.

ಬೆಲ್ಟು ಚಾಲೂ ಮಾಡುವುದಕ್ಕೆ ಒಂದು ಕ್ರಮ ಉಂಟು. ಕಟ್ಟಕಡೆಯ ಬೆಲ್ಟನ್ನು ಮೊದಲು ಓಡಿಸಬೇಕು, ಆಮೇಲೆ ಅದರ ಹಿಂದಿನದು, ಹೀಗೆ ಹಿಂದೆ ಹಿಂದೆ ಬಂದು ಕಲ್ಲು ಹಾಕುವ ಜಾಗ ಎಲ್ಲಕ್ಕಿಂತ ಕೊನೆಗೆ. ನಿಲ್ಲಿಸುವಾಗ ತಿರುಗುಮುರುಗು: ಕಲ್ಲು ಹಾಕುವುದನ್ನು ಮೊದಲು ನಿಲ್ಲಿಸಬೇಕು, ಬೆಲ್ಟು ಬರಿದಾದ ಮೇಲೆ ಒಂದೊಂದೇ ಆರಿಸಬೇಕು. ತಪ್ಪಿದರೆ ಒಂದು ಬೆಲ್ಟು ತಂದು ಸುರಿದದ್ದು ಇನ್ನೊಂದರ ಬಾಯಲ್ಲಿ ಗುಡ್ಡೆ ಬೀಳುತ್ತದೆ. ಆ ಗುಡ್ಡೆಯನ್ನು ಸಲಿಕೆ ಹಿಡಿದು ತೆಗೆಯುವವರು ಯಾರು ಅಂತ ಹೇಳಬೇಕಾಗಿಲ್ಲ. ಚಾಲೂ ಆದ ಮೇಲೆ ಕೆಲಸ ಮುಗಿಯಿತೆಂದಲ್ಲ, ಆಗ ಶುರು. ನೋಡುವುದು, ಕೇಳುವುದು, ಮೂಸುವುದು. ರೋಲರ್ ಒಂದು ಸಿಕ್ಕಿಕೊಂಡರೆ ಕೀರಲು ದನಿ ಬರುತ್ತದೆ. ರಬ್ಬರು ಸುಡುವ ವಾಸನೆ ಬಂದರೆ ಡ್ರಮ್ಮಿನ ಮೇಲೆ ಬೆಲ್ಟು ಜಾರುತ್ತಿದೆ ಎಂದು ಲೆಕ್ಕ. ಬೆಲ್ಟು ಒಂದು ಮಗ್ಗುಲಿಗೆ ಸರಿದರೆ ಬಾಲದ ಡ್ರಮ್ಮಿನ ಬೋಲ್ಟು ತಿರುವಿ ದಾರಿಗೆ ತರಬೇಕು, ಅದೂ ಕಾಲು ಸುತ್ತು, ಅರ್ಧ ಸುತ್ತು, ನೋಡಿ ನೋಡಿ. ‘ಕೂಸಿನ ತಲಿ ತಿರುವಿದಂಗ ತಿರುವಬೇಕ್ರಿ’ ಅಂದರು ಅವರು. ಇದು ಕಲಿತ ವಿದ್ಯೆ. ಆದರೆ ಪಗಾರದ ಪುಸ್ತಕದಲ್ಲಿ ಅವರು ಹೆಲ್ಪರ್.

ಬಾಲದ ಡ್ರಮ್ಮಿನ ಹತ್ತಿರವೇ ಕೈ ಹೋಗುವುದು. ಹಸಿ ಪುಡಿ ಡ್ರಮ್ಮಿಗೆ ಮೆತ್ತಿಕೊಂಡರೆ ಬೆಲ್ಟು ಅತ್ತಿತ್ತ ಓಡಾಡುತ್ತದೆ. ನಿಲ್ಲಿಸಿ ಕೆರೆದು ತೆಗೆಯಬೇಕು. ನಿಲ್ಲಿಸಿದರೆ ಲಾರಿಗಳು ಸಾಲುಗಟ್ಟುತ್ತವೆ, ಸೂಪರ್‌ವೈಸರ್ ಬಂದು ನಿಲ್ಲುತ್ತಾನೆ. ಅದಕ್ಕೇ ಓಡುತ್ತಿರುವಾಗಲೇ ಸಲಾಕೆ ಹಿಡಿದು ಕೆರೆಯುತ್ತಾರೆ. ಸೆಕೆಂಡಿಗೆ 2 ಮೀಟರ್ ಓಡುವ ಬೆಲ್ಟು ಸಲಾಕೆಯ ತುದಿ ಹಿಡಿಯಿತೆನ್ನಿ, ಅರ್ಧ ಸೆಕೆಂಡಿನಲ್ಲಿ ಒಂದು ಮೀಟರು ಒಳಗೆ. ಕೈಬಿಡಬೇಕು ಅನ್ನುವ ಯೋಚನೆ ತಲೆಯಿಂದ ಬೆರಳಿಗೆ ಇಳಿಯುವಷ್ಟರಲ್ಲಿ ಬೆರಳು ಇರುವುದಿಲ್ಲ. ನಾವು ನೋಡಿದ ಕ್ರಶರಿನಲ್ಲಿ ಬಾಲದ ಡ್ರಮ್ಮಿಗೆ ಜಾಲರಿ ಇರಲಿಲ್ಲ. ತುರ್ತಿಗೆ ಎಳೆಯುವ ಹಗ್ಗ ಇತ್ತು. ಅದರ ಮೇಲೆ ಯಾರದೋ ಅಂಗಿ ಒಣಗುತ್ತಿತ್ತು. ಹಗ್ಗದ ಇನ್ನೊಂದು ತುದಿ ಸ್ವಿಚ್ಚಿಗೆ ಕಟ್ಟಿರಲೇ ಇಲ್ಲ.

ಈಗ ಸಾಹಿತ್ಯಕ್ಕೆ ಬರೋಣ. ಕನ್ನಡದಲ್ಲಿ ಕಾರ್ಖಾನೆಯನ್ನು ಒಳಗಿನಿಂದ ಬಲ್ಲ ದೊಡ್ಡ ಲೇಖಕರೊಬ್ಬರು ಇದೇ ನೆಲದವರು. ಯಶವಂತ ಚಿತ್ತಾಲರು ಕುಮಟಾ ತಾಲೂಕಿನ ಹನೇಹಳ್ಳಿಯವರು, ಮುಂಬಯಿಯಲ್ಲಿ ಬೇಕಲೈಟು-ಪ್ಲಾಸ್ಟಿಕ್ಕಿನ ತಂತ್ರಜ್ಞರಾಗಿದ್ದವರು. ಅವರ ‘ಶಿಕಾರಿ’ ಬಂದದ್ದು 1979ರಲ್ಲಿ, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ವರ್ಷವೇ. ಕಂಪನಿಯ ಮೇಲಿನ ಅಂತಸ್ತಿನಲ್ಲಿ ಒಬ್ಬನನ್ನು ಹೇಗೆ ಬೇಟೆಯಾಡುತ್ತಾರೆ ಎಂಬುದನ್ನು ಅಷ್ಟು ಹತ್ತಿರದಿಂದ ಬರೆದ ಇನ್ನೊಂದು ಕಾದಂಬರಿ ನಮ್ಮಲ್ಲಿಲ್ಲ. ಅದನ್ನು ಒಪ್ಪದಿದ್ದರೆ ನಮ್ಮದು ಬರೀ ಹಟ. ಆದರೆ ಆ ಭಯ ಕ್ಯಾಬಿನ್ನಿನ ಭಯ. ನಾಗಪ್ಪನಿಗೆ ತನ್ನ ಮೇಲೆ ಹೂಡಿದ ಸಂಚು ಏನೆಂದು ಗೊತ್ತಿಲ್ಲದೆ ನಿದ್ದೆ ಬರುವುದಿಲ್ಲ. ಬೆಲ್ಟಿನ ಪಕ್ಕದವನಿಗೆ ಎಲ್ಲ ಗೊತ್ತು, ಆದರೂ ಕೈ ಹಾಕಬೇಕು. ಈ ಎರಡು ಭಯಗಳು ಒಂದೇ ಅಲ್ಲ. ನವ್ಯರ ಕೈಯಲ್ಲಿ ‘ಪರಕೀಯತೆ’ ಎಂಬ ಮಾತು ಮೊದಲನೆಯದಕ್ಕೇ ಮೀಸಲಾಯಿತು. ಚಿತ್ತಾಲರು ತಾವು ಕಂಡದ್ದನ್ನು ಬರೆದರು. ಪಕ್ಕದಲ್ಲಿ ಇರುವುದನ್ನು ಕಾಣದೆ ಬರೆಯುತ್ತಿರುವ ನಮ್ಮವರನ್ನು ಏನನ್ನೋಣ?

ಕುಮಟಾದ ಮಾತು ಬಂದದ್ದರಿಂದ ಅಲ್ಲಿಯ ಗೇರುಬೀಜದ ಕಾರ್ಖಾನೆಯೊಂದಕ್ಕೆ ಹೋದದ್ದನ್ನೂ ಹೇಳಬೇಕು. ಅಲ್ಲಿ ಬೆಲ್ಟು ನಿಧಾನ, ಬಿಳಿ, ಸ್ವಚ್ಛ. ಎರಡೂ ಕಡೆ ಹೆಂಗಸರು ಕೂತಿದ್ದಾರೆ. ಸಿಪ್ಪೆ ಹೋದ ಬೀಜ ಎದುರಿಗೆ ಹರಿಯುತ್ತದೆ. ತುಂಡಾದದ್ದು, ಸುಟ್ಟದ್ದು, ಹುಳ ಹಿಡಿದದ್ದನ್ನು ಆರಿಸಬೇಕು. 180, 210, 240, 320 ಎಂದು ಗ್ರೇಡು. ಒಂದು ಪೌಂಡಿಗೆ ಸುಮಾರು ಎಷ್ಟು ಬೀಜ ಎಂಬ ಲೆಕ್ಕ ಅದು. ತಕ್ಕಡಿ ಬೇಡ, ಅವರ ಕಣ್ಣೇ ಹೇಳುತ್ತದೆ. ಇದರಲ್ಲಿ ರಾಕ್ಷಸ ಎಲ್ಲಿ, ಹೆಬ್ಬಾವೆಲ್ಲಿ? ಒಬ್ಬಾಕೆಯನ್ನು ಕೇಳಿದೆವು, ಕಷ್ಟ ಏನು ಅಂತ.

‘ಕಷ್ಟ ಅಂತ ಎಂತದೂ ಇಲ್ಲ ಮಾಸ್ತರ್ರೆ. ರಾತ್ರಿ ಮಲಗಿದ್ರೆ ಗೋಡೆ ಎಡಗಡೆಗೆ ಹೋದ ಹಾಂಗೆ ಕಾಣ್ತದೆ, ಅಷ್ಟೆ.’

ನೆಲದ ಮೇಲೆ ಕೂತು ಕೈಯಿಂದ ಆರಿಸುತ್ತಿದ್ದಾಗ ಮಾತಾಡುತ್ತಿದ್ದೆವು, ಈಗ ತಲೆ ಎತ್ತಿದರೆ ಮೂರು ಬೀಜ ದಾಟಿಹೋಗುತ್ತವೆ ಎಂದೂ ಹೇಳಿದಳು. ಹಾಡು? ‘ಹಾಡಿದ್ರೆ ಯಾರ ಕಿವಿಗೆ ಕೇಳ್ತದ್ರಾ?’

ನಮ್ಮ ವಿಮರ್ಶೆಯ ಗಂಟು ಇಲ್ಲಿದೆ. ಉತ್ತರ ಕನ್ನಡದ ಹಾಡುಗಳನ್ನು ನಾವು ಹೊಗಳಿದ್ದೇ ಹೊಗಳಿದ್ದು. 2025ರ ಫೆಬ್ರವರಿಯಲ್ಲಿ ತೀರಿಕೊಂಡ ಹಾಲಕ್ಕಿಯ ಸುಕ್ರಿ ಬೊಮ್ಮಗೌಡರನ್ನು ವೇದಿಕೆಯಿಂದ ವೇದಿಕೆಗೆ ಹತ್ತಿಸಿದೆವು. ಆದರೆ ಆ ಹಾಡುಗಳು ಯಾಕೆ ಇದ್ದವು ಎಂದು ಕೇಳಲಿಲ್ಲ. ನಟ್ಟಿಯ ಹಾಡು ಇರುವುದು ಅಲಂಕಾರಕ್ಕಲ್ಲ. ಗದ್ದೆ ಒಡೆಯನದೇ, ಭತ್ತವೂ ಒಡೆಯನದೇ, ಬಗ್ಗಿ ಬಗ್ಗಿ ಬೆನ್ನು ಮುರಿಯುತ್ತಿದ್ದುದೂ ನಿಜ. ಆದರೆ ಒಂದು ಸಸಿ ನೆಟ್ಟು ಇನ್ನೊಂದು ನೆಡುವ ನಡುವಿನ ತಾಳ ಮಾತ್ರ ಹೆಂಗಸರ ಗಂಟಲಲ್ಲಿತ್ತು. ಹಾಡು ನಿಧಾನವಾದರೆ ಕೆಲಸವೂ ನಿಧಾನ. ಬೆಲ್ಟು ಬಂದದ್ದೇ ಆ ತಾಳವನ್ನು ಗಂಟಲಿನಿಂದ ಕಿತ್ತು ಒಂದು ಗುಂಡಿಯೊಳಗೆ ಇಟ್ಟಿತು. ಗುಂಡಿ ಇರುವುದು ಬೇರೆ ಕೋಣೆಯಲ್ಲಿ.

ಇದನ್ನು ಕವಿಗಳು ಬರೆಯಬೇಕಿತ್ತು, ಬರೆಯಲಿಲ್ಲ. ಸಿನಿಮಾದವನೊಬ್ಬ 1936ರಲ್ಲೇ ಕಂಡ. ಚಾರ್ಲಿ ಚಾಪ್ಲಿನ್ನನ ‘ಮಾಡರ್ನ್ ಟೈಮ್ಸ್’ ನೋಡಿದವರಿಗೆ ನೆನಪಿರಬಹುದು: ಧಣಿ ಕೋಣೆಯಲ್ಲಿ ಕೂತು ಪರದೆಯ ಮೇಲೆ ನೋಡುತ್ತ ಬೆಲ್ಟಿನ ವೇಗ ಏರಿಸೆಂದು ಅಪ್ಪಣೆ ಕೊಡುತ್ತಾನೆ, ಇವನ ಕೈ ಬೆಲ್ಟು ಬಿಟ್ಟು ಹೊರಗೆ ಬಂದರೂ ಬೋಲ್ಟು ತಿರುವುವುದನ್ನು ನಿಲ್ಲಿಸುವುದಿಲ್ಲ. ಆ ವೇಗ ಎಲ್ಲಿಂದ ಬಂತೆಂದು ಒಂದು ಮಾತು. ಹೆನ್ರಿ ಫೋರ್ಡ್ 1913ರಲ್ಲಿ ತನ್ನ ಕಾರ್ಖಾನೆಯಲ್ಲಿ ಚಲಿಸುವ ಸಾಲು ಹೂಡಿದಾಗ, ಒಂದು ಕಾರಿನ ಚೌಕಟ್ಟು ಕಟ್ಟಲು ಹನ್ನೆರಡೂವರೆ ತಾಸು ಹಿಡಿಯುತ್ತಿದ್ದುದು ಕೆಲವೇ ತಿಂಗಳಲ್ಲಿ 93 ನಿಮಿಷಕ್ಕೆ ಇಳಿಯಿತು. ಐಡಿಯಾ ಬಂದದ್ದು ಚಿಕಾಗೋದ ಕಸಾಯಿಖಾನೆಯಿಂದ. ಅಲ್ಲಿ ದನದ ಒಡಲು ಸರಪಳಿಯಲ್ಲಿ ತೂಗಾಡುತ್ತ ಬರುತ್ತಿತ್ತು, ನಿಂತವನು ತನ್ನ ಪಾಲಿನ ಒಂದು ಕೊಯ್ತ ಕೊಯ್ಯುತ್ತಿದ್ದ. ನಮ್ಮಲ್ಲಿ ಸತ್ತ ದನ ಕೊಯ್ದವರನ್ನು ಊರ ಹೊರಗೆ ಇಟ್ಟೆವು. ಅಮೆರಿಕದಲ್ಲಿ ಅದೇ ಕೆಲಸ ನೋಡಿ ಕಲಿತವನು ಊರಿಗೇ ಧಣಿಯಾದ.

ಆ ಸಿನಿಮಾವನ್ನು ಒಂದು ಶಾಲೆಯ ಗೋಡೆಯ ಮೇಲೆ ತೋರಿಸಿದೆವು. ಕ್ರಶರಿನವರೂ ಬಂದಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಾಪ್ಲಿನ್ ಯಂತ್ರದ ಹಲ್ಲುಚಕ್ರಗಳ ನಡುವೆ ಹೋಗಿ, ಚಕ್ರ ಹಿಂದಕ್ಕೆ ತಿರುಗಿಸಿದಾಗ ಹಾಗೇ ಈಚೆ ಬರುತ್ತಾನಲ್ಲ, ಅಲ್ಲಿ ನಮ್ಮ ವಿಜಾಪುರದವರು ನಗಲಿಲ್ಲ. ಹೊರಗೆ ಬಂದ ಮೇಲೆ ಕೇಳಿದರು: ‘ಉಲ್ಟಾ ತಿರುಗಿಸಿದ್ರ ಹೊಳ್ಳಿ ಬರ್ತದೇನ್ರಿ ಸರ?’ ಅವರ ಎಡಗೈಯ ಎರಡು ಬೆರಳು ಇಲ್ಲವೆಂಬುದನ್ನು ನಾವು ಅಲ್ಲಿಯವರೆಗೆ ಬರೆದಿಲ್ಲ. ಅವರೇ ಆ ವಿಷಯ ತೆಗೆದಿರಲಿಲ್ಲ.

ಬೆರಳಿನ ಬಗ್ಗೆ ನಮ್ಮ ಸಾಹಿತ್ಯ ಸುಮ್ಮನೆ ಇಲ್ಲ. ಏಕಲವ್ಯನ ಹೆಬ್ಬೆರಳಿಗೆ ನಾವು ಬರೆದ ಕವಿತೆಗಳನ್ನು ಒಟ್ಟು ಮಾಡಿದರೆ ಒಂದು ಲಾರಿ ಆದೀತು. ಅವು ಬೇಕಿತ್ತು, ಬೇಡವೆನ್ನುತ್ತಿಲ್ಲ. ಆದರೆ ಹೆಬ್ಬೆರಳ ಮೇಲೆ ಸರ್ಕಾರವೂ ಬರೆದಿದೆ, ಅದನ್ನು ಯಾರು ಓದಿದ್ದಾರೆ? 1923ರ ಕಾರ್ಮಿಕ ಪರಿಹಾರ ಕಾಯ್ದೆ ಒಂದು ಪಟ್ಟಿ ಮಾಡಿತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ಹೋಯಿತೆಂದು ಲೆಕ್ಕ. ತೋರುಬೆರಳು ಪೂರ್ತಿ ಹೋದರೆ 14. ಒಂದು ಕೈಯ ಎರಡು ಬೆರಳಿಗೆ 20, ನಾಲ್ಕಕ್ಕೆ 50, ಇಡೀ ಹಸ್ತಕ್ಕೆ 60. ದ್ರೋಣ ಕೂಡ ಇಷ್ಟು ಕರಾರುವಾಕ್ಕಾಗಿ ಕೇಳಿರಲಿಲ್ಲ. ಈ 20ನ್ನು ಪಡೆಯಲಿಕ್ಕೂ ತಾನು ಅಲ್ಲಿ ಕೆಲಸಕ್ಕಿದ್ದೆ ಎಂದು ತೋರಿಸಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಏನು ತೋರಿಸಬೇಕು, ಬೆರಳೇ?

ಇನ್ನೊಂದು ಲೆಕ್ಕ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ತಿರುಗುವ ಯಂತ್ರಕ್ಕೆ ಬೇಲಿ ಹಾಕಬೇಕೆಂದಿತ್ತು. ವಿದ್ಯುತ್ ಬಳಸಿ 10 ಜನ ದುಡಿದರೆ ಆ ಕಾಯ್ದೆಯಲ್ಲಿ ಅದು ಕಾರ್ಖಾನೆ. 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಸಂಹಿತೆಯಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳಲು 20 ಜನ ಬೇಕು. ನಾವು ಹೋದ ಕ್ರಶರಿನಲ್ಲಿ ಎಣಿಸಿದೆವು: ಹದಿನಾಲ್ಕು. ಕಲ್ಲು ಅದೇ, ದೂಳು ಅದೇ, ಡ್ರಮ್ಮು ಅದೇ. ಕಾರ್ಖಾನೆ ಮಾತ್ರ ಕಾಗದದಿಂದ ಎದ್ದು ಹೋಯಿತು.

ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರು ಬೇಡವೆಂದು ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅದರ ಮೇಲೂ ಕವಿತೆಗಳು ಬಂದಿವೆ. ಎಲ್ಲದರಲ್ಲೂ ಕಡಲು ತಾಯಿ. ಇರಲಿ. ಆದರೆ ಟೊಂಕದ ಮರಳಿನ ಮೇಲೆ ಮೀನು ಒಣಗಿಸುವ ಹೆಂಗಸು ಕಳೆದುಕೊಳ್ಳುವುದು ತಾಯಿಯನ್ನಷ್ಟೇ ಅಲ್ಲ. ಯಾವಾಗ ಹರಡಬೇಕು, ಯಾವಾಗ ಮಗುಚಬೇಕು, ಮೋಡ ಕಂಡರೆ ಯಾವಾಗ ಬಾಚಬೇಕು, ಇದೆಲ್ಲ ಈಗ ಅವಳ ಕೈಯಲ್ಲಿದೆ. ‘ಕೆಲಸ ಕೊಡುತ್ತೇವೆ’ ಎನ್ನುವವರನ್ನು ಯಾವ ಕೆಲಸ, ಅದರ ತಾಳ ಯಾರದು ಎಂದು ಕೇಳುವ ಒಂದು ಸಾಲೂ ಆ ಕವಿತೆಗಳಲ್ಲಿ ನಮಗೆ ಸಿಗಲಿಲ್ಲ. ಅಂಬಿಗರ ಚೌಡಯ್ಯನಿಗೆ ದೋಣಿ ಹುಟ್ಟುಹಾಕುವುದು ಗೊತ್ತಿತ್ತು, ನುಲಿಯ ಚಂದಯ್ಯನಿಗೆ ಹಗ್ಗ ಹೊಸೆಯುವುದು ಗೊತ್ತಿತ್ತು. ಅವರ ಮಾತಿಗೆ ಬಲ ಬಂದದ್ದು ಅಲ್ಲಿಂದ. ನಮಗೆ ಗೊತ್ತಿರುವುದು ಸೀಮೆಸುಣ್ಣ ಮತ್ತು ಭಾಷಣ.

ಆರರಲ್ಲಿ ಐದು ಕವಿತೆಗಳನ್ನು ವಾಪಸು ಕಳಿಸಿದ್ದೇವೆ. ಒಂದನ್ನು ವಿಜಾಪುರದವರು ತಮ್ಮಲ್ಲೇ ಇಟ್ಟುಕೊಂಡರು, ನೋಡಿ ಕೊಡುತ್ತೇನೆಂದು. ಏಳನೆಯವರೆಗೆ ಓದಿದವರು. ಎರಡು ವಾರದ ಮೇಲೆ ಕೊಟ್ಟರು. ‘ಹೆಬ್ಬಾವು’ ಇದ್ದ ಕಡೆಯೆಲ್ಲ ಪೆನ್ಸಿಲಿನಿಂದ ಅಡ್ಡಗೆರೆ. ಒಂದು ಕಡೆ ‘ಬಾಲದ ಡ್ರಮ್’ ಎಂದು ಬರೆದಿದ್ದಾರೆ. ಕೆಂಪು ಸೂರ್ಯನ ಪಕ್ಕದಲ್ಲಿ ಒಂದು ಪ್ರಶ್ನೆ: ‘ಇದು ಯಾವ ಪಾಳಿ?’ ಆ ಹಾಳೆಯನ್ನು ಕವಿಗೆ ಹಾಗೇ ಕಳಿಸಿದ್ದೇವೆ. ತಿದ್ದಿ ಬಂದರೆ ಮುಂದಿನ ಸಂಚಿಕೆಯಲ್ಲಿ ಇಬ್ಬರ ಹೆಸರಿನಲ್ಲೂ ಹಾಕುತ್ತೇವೆ.