ಕನ್ನಡಿಯಲ್ಲಿ ಮೂಡದ ಮುಖ

ಬ್ರಾಮ್ ಸ್ಟೋಕರ್ ತನ್ನ 'ಡ್ರಾಕುಲಾ' (1897) ಕಾದಂಬರಿಗಾಗಿ ಮಾಡಿಕೊಂಡ ಟಿಪ್ಪಣಿಗಳಲ್ಲಿ ಕುತೂಹಲಕರವಾದ ಒಂದು ನಿಯಮವಿದೆ. ಯಾವ ಚಿತ್ರಕಾರನೂ ಕೌಂಟ್ ಡ್ರಾಕುಲಾನ ರೂಪವನ್ನು ಬರೆಯಲಾರ. ಬರೆದರೆ ಅದು ಬೇರೊಬ್ಬನನ್ನು ಹೋಲುತ್ತದೆ. ಛಾಯಾಚಿತ್ರವಾದರೂ ಕಪ್ಪಾಗಿಯೋ ಅಸ್ಥಿಪಂಜರದಂತೆಯೋ ಮೂಡುತ್ತದೆ. ಈ ನಿಯಮ ಕಾದಂಬರಿಯೊಳಗೆ ಬರಲಿಲ್ಲ. ಕನ್ನಡಿಯಲ್ಲಿ ಪ್ರತಿಬಿಂಬವಿಲ್ಲವೆಂಬುದು ಬಂದಿತು. ಚಿತ್ರಕ್ಕೆ ದಕ್ಕದ ಈ ರಕ್ತಪಿಶಾಚಿಗೆ ಲೋಕವೆಲ್ಲ ಗುರುತಿಸುವ ಮುಖವನ್ನು ಕೊಟ್ಟದ್ದು 1931ರ ಕಪ್ಪು-ಬಿಳುಪು ಚಲನಚಿತ್ರ. ಆ ಮುಖ ಹಂಗೇರಿಯನ್ ನಟ ಬೆಲಾ ಲುಗೋಸಿಯದು.

ಕಾದಂಬರಿಯ ಕೌಂಟ್ ಮೊದಲು ಕಾಣಿಸಿಕೊಳ್ಳುವುದು ಬಿಳಿಮೀಸೆಯ ಮುದುಕನಾಗಿ. ಮುರ್ನೋ ನಿರ್ದೇಶಿಸಿದ 'ನೋಸ್ಫೆರಾಟು' (1922) ಅವನನ್ನು ಇಲಿಹಲ್ಲಿನ, ಬೋಳುತಲೆಯ ವಿಕೃತಿಯಾಗಿಸಿತು. ಟಾಡ್ ಬ್ರೌನಿಂಗ್ ನಿರ್ದೇಶನದ 1931ರ ಚಿತ್ರದಲ್ಲಾದರೋ ಲುಗೋಸಿ ಕೋರೆಹಲ್ಲನ್ನು ತೋರಿಸುವುದೇ ಇಲ್ಲ. ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್ ಸಮೀಪದೃಶ್ಯಗಳಲ್ಲಿ ಬೆಳಕಿನ ಕಿರಿದಾದ ಪಟ್ಟಿಯೊಂದನ್ನು ನಟನ ಕಣ್ಣುಗಳ ಮೇಲೆ ಹಾಯಿಸುತ್ತಾನೆ. ರಕ್ತಪಿಶಾಚಿಯ ಹಿಂಸೆಯ ಅಂಗ ಬಾಯಿ. ಅದು ಮಸುಕಿಗೆ ಸರಿದು, ಕಣ್ಣು ಮಾತ್ರ ಉಳಿಯುತ್ತದೆ. ಪ್ರೇಕ್ಷಕನನ್ನು ಹೆದರಿಸಲೆಂದೇ ಹೂಡಿದ ಈ ತಂತ್ರದ ಫಲ ಬೇರೆಯೇ ಆಯಿತು. ಕಣ್ಣನ್ನು ದಿಟ್ಟಿಸಿದಷ್ಟೂ ಅಲ್ಲಿ ಮೃಗಕ್ಕಿಂತ ನಿದ್ದೆಗೆಟ್ಟ ಮನುಷ್ಯನೊಬ್ಬ ಕಾಣತೊಡಗುತ್ತಾನೆ.

ಇಲ್ಲಿ ವರ್ಣದ ಅಭಾವವೂ ಕೆಲಸ ಮಾಡಿದೆ. 1958ರಲ್ಲಿ ಕ್ರಿಸ್ಟೋಫರ್ ಲೀ ಅಭಿನಯಿಸಿದ ಬ್ರಿಟಿಷ್ ವರ್ಣಚಿತ್ರದಲ್ಲಿ ನೆತ್ತರು ಕೆಂಪಾಗಿಯೇ ಹರಿಯಿತು. ನೋಟವೆಲ್ಲ ಆ ಕೆಂಪಿಗೆ ಅಂಟಿಕೊಂಡಿತು. ಬೂದುಬಣ್ಣದಲ್ಲಿ ಅಂಥ ಆಸರೆಯಿಲ್ಲ. ಅಪರಾಧದ ಗುರುತು ಅಳಿಸಿಹೋಗಿ ಮುಖವೊಂದೇ ಎದುರು ನಿಲ್ಲುತ್ತದೆ. ಇದು ಸಹಾನುಭೂತಿಯೋ ಮರೆವೋ ಎಂಬ ಪ್ರಶ್ನೆ ಏಳದಿರದು. ಲೂಸಿಯ ಸಾವಿಗೆ ಕಾರಣನಾದವನನ್ನು ಬರಿಯ ಕಣ್ಣಿನ ದೈನ್ಯದಿಂದ ಮನ್ನಿಸುವುದು ಸಲ್ಲದು. ಆದರೆ ಚಿತ್ರ ಕ್ಷಮೆಯನ್ನು ಬೇಡುವುದಿಲ್ಲ. ಸಂಗೀತಸಭೆಯ ದೃಶ್ಯದಲ್ಲಿ ಕೌಂಟ್ ಮರಣವನ್ನೇ ಹಂಬಲಿಸುವವನಂತೆ ಮಾತನಾಡುತ್ತಾನೆ. ಸಾವಿನ ವರವೂ ಇಲ್ಲದವನ ದುಃಖವನ್ನಷ್ಟೇ ಅದು ಮುಂದಿಡುತ್ತದೆ. ಪರಭಾಷೆಯಲ್ಲಿ ತಡೆತಡೆದು ಆಡುವ ಲುಗೋಸಿಯ ಉಚ್ಚಾರಣೆ ಆ ಪರಕೀಯತೆಗೆ ಒದಗಿಬಂದಿದೆ.

ಚಿತ್ರದ ಉತ್ತರಾರ್ಧ ರಂಗಭೂಮಿಯ ಜಡತೆಗೆ ಸಿಕ್ಕಿಬಿದ್ದಿದೆಯೆಂಬ ಆಕ್ಷೇಪ ನಿಜವೇ. ಆದರೂ ಕನ್ನಡಿಯ ಪ್ರಸಂಗ ಅದೇ ಭಾಗದಲ್ಲಿದೆ. ವ್ಯಾನ್ ಹೆಲ್ಸಿಂಗ್ ಪೆಟ್ಟಿಗೆಯ ಮುಚ್ಚಳದೊಳಗಿನ ಪುಟ್ಟ ಕನ್ನಡಿಯನ್ನು ಮುಂದೊಡ್ಡಿದಾಗ ಕೌಂಟ್ ಅದನ್ನು ನೆಲಕ್ಕೆ ಬಡಿಯುತ್ತಾನೆ. ಮರುಕ್ಷಣ ಸಾವರಿಸಿಕೊಂಡು, ಮನೆಯ ಯಜಮಾನನಲ್ಲಿ ವಿನಯದಿಂದ ಕ್ಷಮೆ ಕೇಳುತ್ತಾನೆ.